2 ವರ್ಷದ ಮಗು ಬಣ್ಣದ ಹೆಸರು ಹೇಳದಿದ್ದರೆ ಭಯಪಡಬೇಕೇ? ಬಣ್ಣ ವಿಂಗಡಿಸುವ ಆಟದ ಸುತ್ತ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

ಮನೆಯಲ್ಲಿ ಒಂದೂವರೆ, ಎರಡು ವರ್ಷದ ಮಗುವಿದ್ದರೆ ಈ ಬಗೆಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಒಮ್ಮೆಯಾದರೂ ಬಂದಿರುತ್ತದೆ. ಒಂದು ಚಿಕ್ಕ ವಿಡಿಯೊ. ಪುಟ್ಟ ಮಗುವೊಂದು ನೆಲದ ಮೇಲೆ ಕೂತು ನೀರಿನ ಬಾಟಲಿಯ ಮುಚ್ಚಳಗಳನ್ನು ಬಣ್ಣ ನೋಡಿ ನೋಡಿ ಬಟ್ಟಲಿಗೆ ಹಾಕುತ್ತಿರುತ್ತದೆ. ಕೆಂಪು ಕೆಂಪು ಬಟ್ಟಲಿಗೆ, ನೀಲಿ ನೀಲಿ ಬಟ್ಟಲಿಗೆ. ಕೆಳಗೆ ಒಂದು ಸಾಲು: ದಿನಕ್ಕೆ 10 ನಿಮಿಷ ಈ ಆಟ ಆಡಿಸಿ, ಮಗುವಿನ ಐಕ್ಯೂ ಹೆಚ್ಚುತ್ತದೆ. ಕೆಲವು ಸಂದೇಶಗಳಲ್ಲಿ ಇನ್ನೂ ಒಂದು ಸಾಲು ಸೇರಿರುತ್ತದೆ: 2 ವರ್ಷಕ್ಕೆ ಬಣ್ಣ ಹೇಳದ ಮಗುವಿಗೆ ಆಟಿಸಂ ಇರಬಹುದು, ಎಲ್ಲ ತಾಯಂದಿರಿಗೂ ಕಳಿಸಿ.

ಕಳಿಸಿದವರು ಅತ್ತೆಯೋ ಚಿಕ್ಕಮ್ಮನೋ ಆಗಿರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಆದರೆ ಅದನ್ನು ಓದಿದ ತಾಯಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಮಗುವಿನ ಮುಂದೆ ಕೆಂಪು ಚಮಚ ಹಿಡಿದು "ಇದು ಯಾವ ಬಣ್ಣ ಪುಟ್ಟಾ?" ಎಂದು ಕೇಳುತ್ತಾರೆ. ಮಗು ಖುಷಿಯಿಂದ "ನೀಲಿ" ಎನ್ನುತ್ತದೆ. ಹಳದಿ ಬಕೆಟ್ ತೋರಿಸಿದರೂ "ನೀಲಿ". ಅಲ್ಲಿಂದ ಗೂಗಲ್ ಹುಡುಕಾಟ ಶುರು.

ಈ ಸಂದೇಶದಲ್ಲಿ ಒಂದು ನಿಜ, ಒಂದು ಉತ್ಪ್ರೇಕ್ಷೆ, ಒಂದು ತಪ್ಪು ಮೂರೂ ಕಲಸಿಕೊಂಡಿವೆ. ಬಣ್ಣ ವಿಂಗಡಿಸುವುದು ಪುಟ್ಟ ಮಕ್ಕಳಿಗೆ ಒಳ್ಳೆಯ ಆಟ, ಇದು ನಿಜ. ಐಕ್ಯೂ ಮಾತು ಉತ್ಪ್ರೇಕ್ಷೆ. ಆಟಿಸಂ ಮಾತು ತಪ್ಪು. ಇನ್ನೊಂದು ವಿಷಯವಿದೆ, ಅದನ್ನು ಸಂದೇಶ ಹೇಳುವುದೇ ಇಲ್ಲ. ಆ ವಿಡಿಯೊದಲ್ಲಿ ನಿಜವಾಗಿ ಹೆದರಬೇಕಾದ್ದು ಮಗು ಹೇಳುವ ಬಣ್ಣದ ಹೆಸರಿಗಲ್ಲ, ಅದರ ಕೈಯಲ್ಲಿರುವ ಮುಚ್ಚಳಕ್ಕೆ. ಒಂದೊಂದಾಗಿ ನೋಡೋಣ.

ಕಾಣುವುದು ಬೇರೆ, ಹೆಸರು ಹೇಳುವುದು ಬೇರೆ

ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಅವರಿಗೂ ಇದೇ ಭಯ ಕಾಡಿತ್ತು ಎಂದರೆ ನಂಬುತ್ತೀರಾ? ತಮ್ಮ ಮಕ್ಕಳು ಮನೆಯ ಸಾಮಾನ್ಯ ವಸ್ತುಗಳ ಹೆಸರನ್ನೆಲ್ಲ ಕಲಿತ ಮೇಲೂ ಬಣ್ಣದ ಚಿತ್ರಗಳನ್ನು ತೋರಿಸಿದರೆ ಬಣ್ಣದ ಹೆಸರನ್ನು ಸರಿಯಾಗಿ ಹೇಳುತ್ತಿರಲಿಲ್ಲ, ಎಷ್ಟು ಸಲ ಹೇಳಿಕೊಟ್ಟರೂ ಅಷ್ಟೇ, ಎಂದು ಅವರು 1877ರಲ್ಲಿ ಒಂದು ಜರ್ಮನ್ ಪತ್ರಿಕೆಯಲ್ಲಿ ಬರೆದರು. ಮಕ್ಕಳಿಗೆ ಬಣ್ಣಗುರುಡು ಇದೆಯೆಂದೇ ಅವರು ಅಂದುಕೊಂಡಿದ್ದರು. ಆಮೇಲೆ ಆ ಭಯಕ್ಕೆ ಆಧಾರವಿರಲಿಲ್ಲ ಎಂದು ಗೊತ್ತಾಯಿತು. ಜಗತ್ತಿನ ಜೀವಜಾಲವನ್ನೇ ಸೂಕ್ಷ್ಮವಾಗಿ ಗಮನಿಸಿದ ಮನುಷ್ಯನೇ ಎಡವಿದ ಜಾಗ ಇದು, ನಮ್ಮ ನಿಮ್ಮ ಪಾಡೇನು?

ಡಾರ್ವಿನ್‌ಗೆ ಆಗ ಗೊತ್ತಿಲ್ಲದ ಸಂಗತಿ ಈಗ ನಮಗೆ ಗೊತ್ತಿದೆ. ಮಗು ಬಣ್ಣ ಕಾಣಲು ಮಾತು ಬರುವವರೆಗೆ ಕಾಯುವುದಿಲ್ಲ. ಹುಟ್ಟಿದ ಕೆಲವೇ ತಿಂಗಳಲ್ಲಿ ಬಣ್ಣಗಳ ವ್ಯತ್ಯಾಸ ಅದರ ಕಣ್ಣಿಗೆ ತಿಳಿಯುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 4ರಿಂದ 6 ತಿಂಗಳ ಕೂಸುಗಳಿಗೆ ಬಣ್ಣದ ಪಟ್ಟಿಗಳನ್ನು ತೋರಿಸಿ, ಅವು ಎಷ್ಟು ಹೊತ್ತು ದಿಟ್ಟಿಸುತ್ತವೆ ಎಂದು ಅಳೆದರು. ಕೆಂಪು, ಹಳದಿ, ಹಸಿರು, ನೀಲಿ, ನೇರಳೆ, ಈ 5 ಗುಂಪುಗಳನ್ನು ಕೂಸುಗಳು ಬೇರೆ ಬೇರೆಯಾಗಿ ಕಾಣುತ್ತವೆ ಎಂದು 2017ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿತು. ಆಗ ಆ ಕೂಸುಗಳಿಗೆ "ಅಮ್ಮ" ಎನ್ನಲೂ ಬರುವುದಿಲ್ಲ.

ಹಾಗಾದರೆ ಎರಡು ವರ್ಷದ ಮಗು ಎಲ್ಲವನ್ನೂ "ನೀಲಿ" ಎನ್ನುವುದೇಕೆ? ಏಕೆಂದರೆ ಬಣ್ಣದ ಹೆಸರು ಕಲಿಯುವುದು ಕಷ್ಟದ ಕೆಲಸ. "ಲೋಟ" ಎಂದರೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು. "ಕೆಂಪು" ಎಂದರೆ ಯಾವುದು? ಅಜ್ಜಿಯ ಸೀರೆ, ಟೊಮೆಟೊ, ಗ್ಯಾಸ್ ಸಿಲಿಂಡರ್, ಬಸ್ಸು ಎಲ್ಲಕ್ಕೂ ದೊಡ್ಡವರು ಒಂದೇ ಪದ ಹೇಳುತ್ತಾರೆ. ಆ ಪದ ವಸ್ತುವಿನ ಹೆಸರಲ್ಲ, ಆಕಾರವಲ್ಲ, ಗಾತ್ರವಲ್ಲ, ಬರೀ ಮೈಬಣ್ಣದ್ದು ಎಂದು ಮಗು ತಾನೇ ಊಹಿಸಿ ಹಿಡಿಯಬೇಕು. ಅದರ ಮೇಲೆ ನಮ್ಮ ಕನ್ನಡದಲ್ಲಿ ಕಿತ್ತಳೆಯೂ ಹಣ್ಣು, ನೇರಳೆಯೂ ಹಣ್ಣು. "ಕಿತ್ತಳೆ ಎಲ್ಲಿ?" ಎಂದರೆ ಮಗು ಅಡುಗೆಮನೆಯತ್ತ ನೋಡಿದರೆ ತಪ್ಪು ಅದರದ್ದಲ್ಲ. ಮನೆಯಲ್ಲಿ ಕನ್ನಡ, ಮೊಬೈಲಿನ ಹಾಡಿನಲ್ಲಿ ಇಂಗ್ಲಿಷ್ ಆದರೆ ಒಂದೇ ಬಣ್ಣಕ್ಕೆ "ಕೆಂಪು" ಮತ್ತು "ರೆಡ್" ಎರಡೂ ಕಿವಿಗೆ ಬೀಳುತ್ತವೆ. ಇದರಿಂದ ಹಾನಿಯೇನೂ ಇಲ್ಲ, ಎರಡನ್ನೂ ಬೆರೆಸಿ ಹೇಳಿದರೆ ಆಶ್ಚರ್ಯವೂ ಪಡಬೇಕಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2022ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ಪಟ್ಟಿಯಲ್ಲಿ ಬಣ್ಣದ ವಿಷಯ ಹೀಗಿದೆ. 30 ತಿಂಗಳಿಗೆ, ಅಂದರೆ ಎರಡೂವರೆ ವರ್ಷಕ್ಕೆ, "ಕೆಂಪು ಯಾವುದು?" ಎಂದು ಕೇಳಿದರೆ ಬೆರಳು ಮಾಡಿ ತೋರಿಸುವಷ್ಟು ಒಂದಾದರೂ ಬಣ್ಣದ ಪರಿಚಯ. ಕೆಲವು ಬಣ್ಣಗಳ ಹೆಸರನ್ನು ಬಾಯಲ್ಲಿ ಹೇಳುವುದು 4 ವರ್ಷಕ್ಕೆ. ಅದೂ 100ರಲ್ಲಿ 75ರಷ್ಟಾದರೂ ಮಕ್ಕಳು ಆ ವಯಸ್ಸಿಗೆ ಮುಟ್ಟುವ ಹಂತ ಎಂಬ ಲೆಕ್ಕದಲ್ಲಿ ಮಾಡಿದ ಪಟ್ಟಿ. 2 ವರ್ಷಕ್ಕೆ 5 ಬಣ್ಣ ಎನ್ನುವ ಗಡುವು ಅದರಲ್ಲಿ ಎಲ್ಲೂ ಇಲ್ಲ.

ಆಟಿಸಂ ಎಂಬ ಸಾಲಿನ ಬಗ್ಗೆ

ಬಣ್ಣದ ಹೆಸರು ಬಾರದಿರುವುದು ಆಟಿಸಂನ ಲಕ್ಷಣವಲ್ಲ. ಎಷ್ಟೋ ಆಟಿಸಂ ಇರುವ ಮಕ್ಕಳು ಬಣ್ಣ, ಅಕ್ಷರ, ಅಂಕಿಗಳನ್ನು ಓರಗೆಯವರಿಗಿಂತ ಬೇಗ ಹೇಳುವುದೂ ಉಂಟು. ಹಾಗಾಗಿ ಈ ಸಾಲು ಎರಡು ಕಡೆಯಿಂದಲೂ ಕೆಟ್ಟದ್ದು. ಏನೂ ತೊಂದರೆ ಇಲ್ಲದ ಮಗುವಿನ ಮನೆಯವರನ್ನು ಹೆದರಿಸುತ್ತದೆ. ಮತ್ತೊಂದು ಮನೆಯಲ್ಲಿ "ನಮ್ಮ ಮಗು 10 ಬಣ್ಣ ಹೇಳುತ್ತೆ, ಏನೂ ತೊಂದರೆ ಇಲ್ಲ" ಎಂದು ಸಮಾಧಾನ ಮಾಡಿ, ನೋಡಬೇಕಾದ ಲಕ್ಷಣದಿಂದ ಕಣ್ಣು ತಪ್ಪಿಸುತ್ತದೆ. ಎರಡನೆಯದೇ ಹೆಚ್ಚು ನಷ್ಟ ಎಂದು ನಮಗೆ ಅನಿಸುತ್ತದೆ.

ನೋಡಬೇಕಾದ್ದು ಬೇರೆಯೇ. 9 ತಿಂಗಳಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು. ಒಂದೂವರೆ ವರ್ಷವಾದರೂ ನಾಯಿಯನ್ನೋ ವಿಮಾನವನ್ನೋ ಕಂಡಾಗ ಬೆರಳು ತೋರಿಸಿ "ನೋಡು" ಎಂದು ನಿಮ್ಮನ್ನು ಕರೆಯದಿರುವುದು. ಕಣ್ಣಿಗೆ ಕಣ್ಣು ಕೊಡದಿರುವುದು. ಬಂದಿದ್ದ ಮಾತು ನಿಂತುಹೋಗುವುದು. ಆಟಿಕೆಗಳನ್ನು ಸಾಲಾಗಿ ಜೋಡಿಸುವುದನ್ನು ಕೂಡ ಕೆಲವರು ಹೆಸರಿಸುತ್ತಾರೆ. ಆದರೆ ಸಾಲು ಜೋಡಿಸುವುದು ಬಹುಪಾಲು ಮಕ್ಕಳ ಮಾಮೂಲಿ ಆಟ. ಸಾಲು ಕೆಡಿಸಿದಾಗ ಪ್ರತಿ ಸಲವೂ ತಡೆಯಲಾಗದಷ್ಟು ಕಂಗಾಲಾಗುವುದು, ಜೊತೆಗೆ ಮೇಲೆ ಹೇಳಿದ ಲಕ್ಷಣಗಳೂ ಇರುವುದು, ಆಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಇಂತಹ ಅನುಮಾನವಿದ್ದರೆ ಗ್ರೂಪಿನಲ್ಲಿ ಕೇಳುವುದಕ್ಕಿಂತ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಅವರನ್ನೋ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ಬೆಳವಣಿಗೆಯ ತಪಾಸಣೆ ಉಚಿತ, ಅಗತ್ಯವಿದ್ದರೆ ಮುಂದಿನ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯೂ ಅದರಲ್ಲಿದೆ. ಮಾತು ಮತ್ತು ಕಿವಿಗೆ ಸಂಬಂಧಿಸಿದ ಅನುಮಾನಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ಐಕ್ಯೂ ಹೆಚ್ಚುತ್ತದೆಯೇ?

ಇಲ್ಲ ಎನ್ನುವುದೇ ನೇರ ಉತ್ತರ. ಎರಡು ವರ್ಷದ ಮಗುವಿನ ಅಂಕ ಮುಂದೆ ಅದು ಎಷ್ಟು ಬುದ್ಧಿವಂತ ಆಗುತ್ತದೆ ಎಂಬುದನ್ನು ಸರಿಯಾಗಿ ಹೇಳುವುದಿಲ್ಲ. ಒಂದು ಆಟವನ್ನು ಪದೇ ಪದೇ ಆಡಿದರೆ ಆ ಆಟದಲ್ಲಿ ಕೈ ಪಳಗುತ್ತದೆ, ಅಷ್ಟೇ. ಅದು ಒಟ್ಟು ಬುದ್ಧಿಗೆಲ್ಲ ಹರಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. "ಎಡ ಮೆದುಳು, ಬಲ ಮೆದುಳು ಎರಡೂ ಚುರುಕಾಗುತ್ತವೆ" ಎನ್ನುವುದಂತೂ ಅರ್ಥವಿಲ್ಲದ ಮಾತು. ಕುಡಿಯಲು ಲೋಟ ಎತ್ತಿಕೊಂಡರೂ ಮೆದುಳಿನ ಎರಡೂ ಬದಿ ಕೆಲಸ ಮಾಡುತ್ತವೆ.

ಹಾಗೆಂದು ಆಟ ವ್ಯರ್ಥವಲ್ಲ. ವಿಂಗಡಿಸುವುದೆಂದರೆ ಒಂದು ನಿಯಮವನ್ನು ತಲೆಯಲ್ಲಿಟ್ಟುಕೊಂಡು ಕೈಯಿಂದ ಅದನ್ನು ಪಾಲಿಸುವುದು. ಆ ವಯಸ್ಸಿಗೆ ಅದು ದೊಡ್ಡ ಕೆಲಸವೇ. ಎಷ್ಟು ದೊಡ್ಡದು ಎಂಬುದನ್ನು ಮನಶ್ಶಾಸ್ತ್ರಜ್ಞ ಫಿಲಿಪ್ ಝೆಲಾಜೊ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಚೆನ್ನಾಗಿ ತೋರಿಸುತ್ತದೆ. ಚಿತ್ರದ ಕಾರ್ಡುಗಳನ್ನು ಮೊದಲು ಬಣ್ಣ ನೋಡಿ ಎರಡು ಡಬ್ಬಿಗೆ ಹಾಕಲು ಹೇಳುತ್ತಾರೆ. 3 ವರ್ಷದ ಮಗು ಸಲೀಸಾಗಿ ಹಾಕುತ್ತದೆ. ನಂತರ "ಈಗ ಬಣ್ಣ ಬೇಡ, ಚಿತ್ರ ನೋಡಿ ಹಾಕು, ಮೊಲ ಇಲ್ಲಿ, ದೋಣಿ ಅಲ್ಲಿ" ಎನ್ನುತ್ತಾರೆ. ಹೊಸ ನಿಯಮ ಏನೆಂದು ಕೇಳಿದರೆ ಮಗು ಸರಿಯಾಗಿಯೇ ಹೇಳುತ್ತದೆ. ಆದರೆ ಕೈ ಮಾತ್ರ ಬಣ್ಣ ನೋಡಿಯೇ ಹಾಕುತ್ತಿರುತ್ತದೆ! 4, 5 ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಈ ಬದಲಾವಣೆ ಸಾಧ್ಯವಾಗುತ್ತದೆ. ನಿಮ್ಮ ಮೂರು ವರ್ಷದ ಮಗು "ಚಪ್ಪಲಿ ಹೊರಗೆ ಬಿಡಬೇಕು" ಎಂದು ಬಾಯಲ್ಲಿ ಹೇಳುತ್ತಲೇ ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಅದು ಹಟ ಎಂದೇ ತಿಳಿಯಬೇಕಿಲ್ಲ.

ಆಟ ಹೊಸದೂ ಅಲ್ಲ. ರೋಮ್‌ನಲ್ಲಿ 1907ರಲ್ಲಿ ಮೊದಲ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸೊರಿ ಅವರ ಸಾಮಗ್ರಿಗಳಲ್ಲಿ ಬಣ್ಣದ ಹಲಗೆಗಳ ಪೆಟ್ಟಿಗೆಯಿದೆ. ಮೊದಲ ಪೆಟ್ಟಿಗೆಯಲ್ಲಿ ಇರುವುದು ಬರೀ 6 ಹಲಗೆ: ಕೆಂಪು, ಹಳದಿ, ನೀಲಿ, ಒಂದೊಂದರ ಜೋಡಿ. ಗಾತ್ರ ಒಂದೇ, ಆಕಾರ ಒಂದೇ, ಬಣ್ಣ ಮಾತ್ರ ಬೇರೆ. ಮಗು ಮೊದಲು ಜೋಡಿ ಹುಡುಕುತ್ತದೆ, ಹೆಸರು ಆಮೇಲೆ. 1939ರಲ್ಲಿ ಮದರಾಸಿಗೆ ಬಂದ ಮಾಂಟೆಸೊರಿ ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಇಂದು ನಮ್ಮ ಊರುಗಳಲ್ಲಿ ಬೋರ್ಡಿನ ಮೇಲೆ ಅವರ ಹೆಸರು ಹಾಕಿಕೊಂಡ ಶಾಲೆಗಳಿಗೆ ಲೆಕ್ಕವಿಲ್ಲ, 6 ಹಲಗೆಗಳ ತಾಳ್ಮೆ ಎಷ್ಟು ಕಡೆ ಉಳಿದಿದೆಯೋ!

ನಿಜವಾದ ಅಪಾಯ: ಮುಚ್ಚಳ, ಮಣಿ, ಕಾಳು

ಈಗ ವಿಡಿಯೊಕ್ಕೆ ಬರೋಣ. ಮೂರು ವರ್ಷದೊಳಗಿನ ಮಗುವಿಗೆ ಬಾಯಿಯೂ ಒಂದು ಕೈ ಇದ್ದಂತೆ. ಹೊಸ ವಸ್ತು ಸಿಕ್ಕರೆ ಬಾಯಿಗಿಟ್ಟೇ ಪರೀಕ್ಷೆ. ಅದರ ಶ್ವಾಸನಾಳ ಸಣ್ಣದು, ಕೆಮ್ಮಿ ಹೊರದೂಡುವ ಬಲ ಕಡಿಮೆ, ಅಗಿಯುವ ದವಡೆ ಹಲ್ಲುಗಳು ಪೂರ್ತಿ ಬಂದಿರುವುದಿಲ್ಲ.

ಇದಕ್ಕಾಗಿಯೇ ಆಟಿಕೆ ತಯಾರಕರಿಗೆ ಒಂದು ಅಳತೆ ಇದೆ. 31.7 ಮಿಲಿಮೀಟರ್ ಒಳವ್ಯಾಸದ ಒಂದು ಪುಟ್ಟ ಕೊಳವೆ. ಆಟಿಕೆಯಾಗಲಿ ಅದರಿಂದ ಕಳಚುವ ಚೂರಾಗಲಿ ಆ ಕೊಳವೆಯೊಳಗೆ ಪೂರ್ತಿ ಕೂತರೆ, ಅದು 3 ವರ್ಷದೊಳಗಿನ ಮಕ್ಕಳಿಗೆ ಆಗದು. ಭಾರತದ ಆಟಿಕೆ ಮಾನದಂಡ ಐಎಸ್ 9873ರಲ್ಲೂ ಸಣ್ಣ ಬಿಡಿಭಾಗಗಳ ಪರೀಕ್ಷೆ ಇದೆ. 2021ರ ಜನವರಿ 1ರಿಂದ ಇಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ನಾವು ಕಸದಿಂದ ಆರಿಸಿ ಆಟಿಕೆ ಮಾಡಿದ ಮುಚ್ಚಳಕ್ಕೆ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಈ ಕೊಳವೆಯನ್ನು ಮನೆಯಲ್ಲೇ ಮಾಡಬಹುದು. ದಪ್ಪ ಕಾಗದದಲ್ಲಿ ಸರಿಯಾಗಿ 10 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಎರಡು ತುದಿಗಳು ಒಂದರ ಮೇಲೊಂದು ಬರದಂತೆ, ಬರೀ ತಾಗುವಂತೆ ಸುತ್ತಿ ಹೊರಗಿನಿಂದ ಟೇಪ್ ಅಂಟಿಸಿ. ಸಿಗುವ ಉಂಗುರದ ವ್ಯಾಸ ಹೆಚ್ಚುಕಡಿಮೆ 31.8 ಮಿಲಿಮೀಟರ್. ನಾವು ಇದನ್ನು ಮಾಡಿ ಮನೆಯಲ್ಲಿದ್ದ ಕುಡಿಯುವ ನೀರಿನ ಬಾಟಲಿಯ ಮುಚ್ಚಳ ಹಾಕಿ ನೋಡಿದೆವು. 3 ಸೆಂಟಿಮೀಟರ್ ಅಗಲದ ಮುಚ್ಚಳ ಸಲೀಸಾಗಿ ಒಳಗೆ ಜಾರಿತು. ಲಕ್ಷಗಟ್ಟಲೆ ಜನ ಹಂಚಿಕೊಂಡ ಆಟದ ಸಾಮಾನು ಮೊದಲ ಪರೀಕ್ಷೆಯಲ್ಲೇ ಫೇಲು. 10 ರೂಪಾಯಿ ನಾಣ್ಯವಂತೂ 27 ಮಿಲಿಮೀಟರ್, ಹೇಳುವುದೇ ಬೇಡ.

ಗುಂಡಗಿನ ವಸ್ತುಗಳಿಗೆ ಅಳತೆ ಇನ್ನೂ ಬಿಗಿ, ಏಕೆಂದರೆ ಚೆಂಡು ಗಂಟಲಿಗೆ ಬಿರಡೆಯಂತೆ ಕೂತುಬಿಡುತ್ತದೆ. ಅದಕ್ಕೆ 44.5 ಮಿಲಿಮೀಟರ್. ಉಂಗುರಕ್ಕೆ 14 ಸೆಂಟಿಮೀಟರ್ ಪಟ್ಟಿ ಬೇಕು. ಟೇಬಲ್ ಟೆನಿಸ್ ಚೆಂಡು 40 ಮಿಲಿಮೀಟರ್, ಅದೂ ಉಂಗುರದೊಳಗೆ ಹೋಗುತ್ತದೆ. ಗೋಲಿ, ಪೋಣಿಸುವ ಮಣಿ, ಉಣ್ಣೆಯ ಪುಟ್ಟ ಚೆಂಡುಗಳ ಮಾತು ಬಿಡಿ.

ಇನ್ನೊಂದು ಬಗೆಯ ವಿಡಿಯೊದಲ್ಲಿ ಅಡುಗೆಮನೆಯ ಕಾಳುಗಳನ್ನೇ ಕೊಡುತ್ತಾರೆ: ಹೆಸರುಕಾಳು, ಕಡಲೆ, ರಾಜ್ಮಾ, ಕಡಲೆಕಾಯಿ ಬೀಜ. ನೈಸರ್ಗಿಕ, ಖರ್ಚಿಲ್ಲ ಎಂಬ ಹೊಗಳಿಕೆ ಬೇರೆ. ನಮ್ಮ ದೇಶದಲ್ಲಿ ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಮೊದಲ ಸಾಲಿನಲ್ಲಿರುವುದೇ ಕಡಲೆಕಾಯಿ ಬೀಜ ಮತ್ತು ಇತರ ಕಾಳುಗಳು. ಒದ್ದೆ ಜಾಗದಲ್ಲಿ ಕಾಳು ಉಬ್ಬುತ್ತದೆ ಕೂಡ. ಎಕ್ಸ್‌ರೇಯಲ್ಲಿ ಕಾಳು ನೇರವಾಗಿ ಕಾಣುವುದಿಲ್ಲ. ಮಗು ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಯಿತೆಂದು ಮನೆಯವರು ನಿರಾಳರಾಗುತ್ತಾರೆ, ವಾರಗಟ್ಟಲೆ ವಾಸಿಯಾಗದ ಕೆಮ್ಮು, ಉಬ್ಬಸಕ್ಕೆ ಸಿರಪ್ ಕುಡಿಸುತ್ತಾರೆ. ಆಡುತ್ತಿದ್ದಾಗಲೋ ತಿನ್ನುತ್ತಿದ್ದಾಗಲೋ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ನಿಂತಿದ್ದರೆ, ಆಮೇಲೆ ಚೆನ್ನಾಗಿ ಕಂಡರೂ ವೈದ್ಯರಿಗೆ ಆ ಸಂಗತಿಯನ್ನು ಹೇಳಲೇಬೇಕು.

ಹಳ್ಳಿಯ ಮನೆಗಳಲ್ಲಿ ಅಳಗುಳಿ ಮಣೆ ಇದ್ದರೆ ಅದರ ಗುಳಿಗಳು ವಿಂಗಡಿಸುವ ಆಟಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತವೆ. ಅದರೊಡನೆ ಬರುವ ಕಾಯಿಗಳು ಮಾತ್ರ ಬೇಡ. ಹುಣಸೆಬೀಜ ಗಂಟಲಿಗೆ ಸಿಕ್ಕುವ ಗಾತ್ರ. ಕೆಂಪು ಮೈಗೆ ಕಪ್ಪು ಚುಕ್ಕೆಯ ಗುಲಗಂಜಿಯಂತೂ ವಿಷ. ಇಡೀ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಪಾರಾಗಬಹುದು, ಕಚ್ಚಿ ಅಗಿದರೆ ಪ್ರಾಣಕ್ಕೇ ಅಪಾಯ. ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳೂ ಬೇಡ. ಅವು ಹೊಟ್ಟೆಯಲ್ಲಿ ಉಬ್ಬಿ ಕರುಳನ್ನು ಕಟ್ಟಿಬಿಡಬಹುದು. ರಂಗೋಲಿ ಪುಡಿ, ಕುಂಕುಮ, ಓಕುಳಿ ಬಣ್ಣದಿಂದ ಅಕ್ಕಿಗೆ ಬಣ್ಣ ಹಚ್ಚಿ ಕೊಡುವುದೂ ಬೇಡ, ಅವು ಬಾಯಿಗೆ ಹೋಗಲೆಂದು ಮಾಡಿದವಲ್ಲ.

ಗಂಟಲಿಗೆ ಸಿಕ್ಕಿಬಿಟ್ಟರೆ?

ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ, ಪಕ್ಕದಲ್ಲೇ ಇರಿ. ಕೆಮ್ಮಲೂ ಆಗದೆ, ದನಿಯೂ ಹೊರಡದೆ, ತುಟಿ ನೀಲಿಯಾಗುತ್ತಿದ್ದರೆ ಕ್ಷಣವೂ ಕಾಯಬೇಡಿ. ಮಗುವನ್ನು ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಬಡಿಯಿರಿ. ಬರದಿದ್ದರೆ, 1 ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. 1 ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಮುಂದೋಳಿನ ಮೇಲೆ ತಲೆ ತಗ್ಗಿಸಿ ಮಲಗಿಸಿ ಬೆನ್ನಿಗೆ 5, ನಂತರ ತಿರುಗಿಸಿ ಎದೆಯ ನಡುವಿಗೆ 5 ಒತ್ತು. ವಸ್ತು ಹೊರಬರುವವರೆಗೆ ಇದನ್ನೇ ಮುಂದುವರಿಸಿ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್ ಶುರು ಮಾಡಬೇಕು.

"ಬಾಳೆಹಣ್ಣು ನುಂಗಿಸು, ಅನ್ನದ ಉಂಡೆ ಕೊಡು, ನೀರು ಕುಡಿಸು" ಎಂದು ಸುತ್ತ ನಿಂತವರು ಹೇಳುತ್ತಾರೆ. ಉಸಿರು ಕಟ್ಟಿರುವಾಗ ಅದು ಇನ್ನೊಂದು ಅಡ್ಡಿ ತುರುಕಿದಂತೆ. ವಸ್ತು ಕಣ್ಣಿಗೆ ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಗುಂಡಿ ಬ್ಯಾಟರಿ ನುಂಗಿದೆ ಎಂಬ ಅನುಮಾನ ಬಂದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು.

ಹಾಗಾದರೆ ಮನೆಯಲ್ಲಿ ಆಡಿಸುವುದು ಹೇಗೆ?

ಬಟ್ಟೆ ಮಡಚುವ ಹೊತ್ತು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಒಗೆದು ಒಣಗಿದ ರಾಶಿಯಲ್ಲಿ ಕಾಲುಚೀಲ, ಕರ್ಚೀಫು, ಪುಟ್ಟ ಬನಿಯನ್ ಎಲ್ಲ ಇರುತ್ತವೆ. ಯಾವುದೂ ಗಂಟಲಿಗೆ ಸಿಕ್ಕುವ ಗಾತ್ರದ್ದಲ್ಲ. ಬೇಕೆಂದರೆ ಹಳೆಯ ರವಿಕೆ ಬಟ್ಟೆಯಿಂದ ನಿಮ್ಮ ಅಂಗೈ ಅಗಲದ ಚೌಕಗಳನ್ನು ಕತ್ತರಿಸಿ ಇಟ್ಟುಕೊಳ್ಳಿ. ಒಂದೇ ಗಾತ್ರ, ಒಂದೇ ಆಕಾರ, ಕಣ್ಣು ಬಣ್ಣದ ಕಡೆಗೇ ಹೋಗುತ್ತದೆ. ಮನೆಯಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಉಂಗುರದ ಗೋಪುರ ಇದ್ದರೆ ಇನ್ನೂ ಒಳ್ಳೆಯದು, ಕೊಳವೆ ಪರೀಕ್ಷೆ ಮಾತ್ರ ಅದಕ್ಕೂ ಮಾಡಿ. ತರಕಾರಿ ತಂದ ದಿನ ಟೊಮೆಟೊ ಒಂದು ಕಡೆ, ಸೌತೆಕಾಯಿ ಒಂದು ಕಡೆ ಎಂದೂ ಆಗಬಹುದು. ಕೆಂಪು, ಹಸಿರಿಗೆ ಮೆಣಸಿನಕಾಯಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಆ ಕೈ ಆಮೇಲೆ ಕಣ್ಣಿಗೆ ಹೋಗುತ್ತದೆ!

ಬಟ್ಟಲುಗಳಿಗೆ ಬಣ್ಣ ಬೇಕಿಲ್ಲ. ಎರಡು ಸ್ಟೀಲ್ ತಟ್ಟೆ ಸಾಕು, ಒಂದರಲ್ಲಿ ಕೆಂಪು ಬಟ್ಟೆಯ ತುಂಡು, ಇನ್ನೊಂದರಲ್ಲಿ ಹಳದಿ ತುಂಡು ಮೊದಲೇ ಹಾಸಿಡಿ. ಎರಡೇ ಬಣ್ಣದಿಂದ ಶುರು ಮಾಡಿ. ಅದೂ ಒಂದಕ್ಕೊಂದು ದೂರದ ಬಣ್ಣಗಳು. ನೀಲಿ, ನೇರಳೆ ಎರಡನ್ನೂ ಮೊದಲ ದಿನವೇ ಜೊತೆಗಿಡಬೇಡಿ. ಒಂದೂವರೆ ವರ್ಷದ ಮಗು ಬಹುಶಃ ಬಣ್ಣವನ್ನೇ ನೋಡುವುದಿಲ್ಲ, ತಟ್ಟೆಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಇದೇ ಅದಕ್ಕೆ ಆಟ. ಆಡಲಿ ಬಿಡಿ. ಎರಡು ವರ್ಷದ ಸುಮಾರಿಗೆ ಒಂದೆರಡು ಸರಿಯಾಗಿ ಬೀಳುತ್ತವೆ. ಎರಡೂವರೆ, ಮೂರರ ಹೊತ್ತಿಗೆ 3, 4 ಬಣ್ಣ ಕೊಟ್ಟು ನೋಡಬಹುದು.

"ಇದು ಯಾವ ಬಣ್ಣ?" ಎಂಬ ಪ್ರಶ್ನೆಯನ್ನು ಸಾಧ್ಯವಾದಷ್ಟು ಕಡಿಮೆ ಮಾಡಿ. ಅದು ಪರೀಕ್ಷೆ, ಮಗುವಿಗೂ ಗೊತ್ತಾಗುತ್ತದೆ. ಬದಲಿಗೆ ನೀವೇ ಹೇಳುತ್ತಾ ಹೋಗಿ: "ಈ ಕಾಲುಚೀಲ ಕೆಂಪು. ಅಜ್ಜನ ಟವೆಲ್ಲೂ ಕೆಂಪು. ಇದರ ಜೊತೆಗಾರ ಎಲ್ಲಿ?" ಇಲ್ಲಿ ಒಂದು ಚಿಕ್ಕ ಉಪಾಯವಿದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಕೆಲಸವೊಂದರಲ್ಲಿ, ಇಂಗ್ಲಿಷ್ ಮಾತಾಡುವ ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ "ಕೆಂಪು ಚೆಂಡು" ಎನ್ನುವುದಕ್ಕಿಂತ "ಚೆಂಡು ಕೆಂಪು" ಎಂಬ ಕ್ರಮದಲ್ಲಿ ಹೇಳಿದಾಗ ಬಣ್ಣದ ಪದ ಹೆಚ್ಚು ಚೆನ್ನಾಗಿ ಹತ್ತಿತು. ವಸ್ತುವಿನ ಹೆಸರು ಮೊದಲು ಕೇಳಿದರೆ ಮಗು ವಸ್ತುವನ್ನು ನೋಡಿ ಮುಗಿಸಿ, ಉಳಿದ ಪದ ಅದರ ಯಾವ ಗುಣದ್ದು ಎಂದು ಹುಡುಕುತ್ತದೆ ಎಂಬುದು ಅವರ ವಿವರಣೆ. ಕನ್ನಡದಲ್ಲಿ "ಈ ಚೆಂಡು ಕೆಂಪು" ಎನ್ನುವುದು ನಾಲಿಗೆಗೆ ಸಹಜವಾಗಿಯೇ ಬರುತ್ತದೆ, ಖರ್ಚೂ ಇಲ್ಲ, ಮಾಡಿ ನೋಡಲು ಅಡ್ಡಿಯೇನು?

ಮೊಬೈಲಿನ ಬಣ್ಣದ ಆ್ಯಪ್‌ಗಳು ಇದಕ್ಕೆ ಬದಲಿಯಲ್ಲ. ಅಲ್ಲಿ ಬೆರಳು ಗಾಜಿನ ಮೇಲೆ ಜಾರುತ್ತದಷ್ಟೇ. 2 ವರ್ಷ ತುಂಬದ ಮಕ್ಕಳಿಗೆ ಪರದೆಯ ಮುಂದೆ ಕೂರುವ ಹೊತ್ತು ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ.

ಐದು ನಿಮಿಷಕ್ಕೆ ಮಗು ಎದ್ದು ಹೋದರೆ ಆಟ ಮುಗಿಯಿತು. ತಟ್ಟೆ ಬೋರಲು ಹಾಕಿ ತಲೆಯ ಮೇಲೆ ಕಾಲುಚೀಲ ಇಟ್ಟುಕೊಂಡು ನಕ್ಕರೂ ಮುಗಿಯಿತು.

ಸರಿ, ತಪ್ಪು ಎಂದು ಅಂಕ ಹಾಕದೆ ಒಂದು ವಿಷಯ ಮಾತ್ರ ಗಮನಿಸುತ್ತಿರಿ. ಹೆಸರು ತಪ್ಪಿದರೂ ತಟ್ಟೆ ಸರಿಯಾಗಿದ್ದರೆ, ಅಂದರೆ ಕೆಂಪನ್ನು "ನೀಲಿ" ಎನ್ನುತ್ತಲೇ ಕೆಂಪಿನ ಜೊತೆಗೇ ಹಾಕುತ್ತಿದ್ದರೆ, ಕಣ್ಣು ಬಣ್ಣ ಕಾಣುತ್ತಿದೆ, ಪದ ಇನ್ನೂ ಬರಬೇಕಷ್ಟೇ. ಡಾರ್ವಿನ್ ತಮ್ಮ ಮಕ್ಕಳಿಂದ ಹೆಸರು ಹೇಳಿಸುವ ಬದಲು ಜೋಡಿ ಹುಡುಕಿಸಿದ್ದರೆ ಅವರ ಭಯ ಬೇಗ ಕಳೆಯುತ್ತಿತ್ತೇನೋ. ಆಟದ ನಿಯಮ ಚೆನ್ನಾಗಿ ಗೊತ್ತಿರುವ ನಾಲ್ಕು ವರ್ಷದ ಮಗು ಬೇರೆಲ್ಲ ಬಣ್ಣ ಸರಿಯಾಗಿ ಹಾಕಿ, ಕೆಂಪು ಮತ್ತು ಹಸಿರನ್ನು, ಅಥವಾ ಹಸಿರು ಮತ್ತು ಕಂದನ್ನು ಮಾತ್ರ ಪ್ರತಿ ಸಲ ಬೆರೆಸುತ್ತಿದ್ದರೆ ಆಗ ಕಣ್ಣಿನ ವೈದ್ಯರಲ್ಲಿ ಬಣ್ಣದ ಪರೀಕ್ಷೆ ಮಾಡಿಸುವುದು ಸರಿ. ಕೆಂಪು–ಹಸಿರು ಬಣ್ಣಗುರುಡಿನ ವಂಶವಾಹಿ ಎಕ್ಸ್ ಕ್ರೋಮೊಸೋಮಿನಲ್ಲಿ ಇರುವುದರಿಂದ ಅದು ಗಂಡುಮಕ್ಕಳಲ್ಲೇ ಹೆಚ್ಚು. ತಾಯಿಯ ತಂದೆಗೆ ಅದು ಇದ್ದರೆ ಮೊಮ್ಮಗನಿಗೆ ಬರುವ ಸಾಧ್ಯತೆ ಅರ್ಧದಷ್ಟು. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪುಸ್ತಕದಲ್ಲಿ ಅಂಕಿ ಓದಲು ಬಾರದವರು ಬೆರಳಿನಿಂದ ಗೆರೆ ಹಿಡಿದು ಸಾಗುವ ಪುಟಗಳೂ ಇವೆ. ಬಣ್ಣಗುರುಡು ಇದೆಯೆಂದು ತಿಳಿದರೆ ಅದಕ್ಕೆ ಔಷಧಿಯೇನೂ ಇಲ್ಲ, ಶಾಲೆಯ ಟೀಚರಿಗೆ ಮೊದಲೇ ಹೇಳಿಟ್ಟರೆ ಮರಕ್ಕೆ ಕಂದು ಎಲೆ ಬಳಿದ ಮಗು ಬೈಸಿಕೊಳ್ಳುವುದು ತಪ್ಪುತ್ತದೆ.